ಗುಬ್ಬಿ ಮಣ್ಣಲ್ಲಿ ಮೀಯಲು ಕಲಿತದ್ದು

ಆಗ ಭೂಮಿ ಇನ್ನೂ ಹೊಸದು ಕಣೋ ಪುಟ್ಟಾ. ಬೆಟ್ಟಕ್ಕೆ ಹೆಸರಿರಲಿಲ್ಲ, ಕೆರೆಗೆ ಯಜಮಾನ ಇರಲಿಲ್ಲ. ಬೇಕಾದವರು ಇಳಿದು ಮೀಯುತ್ತಿದ್ದರು.

ಒಂದು ದಿನ ಹಕ್ಕಿಗಳು ಸುಮ್ಮನಿರಲಾರದೆ ಸಭೆ ಸೇರಿದವು. ಕೆರೆಗೊಬ್ಬ ಕಾವಲುಗಾರ ಬೇಕಂತೆ! ಬೆಳ್ಳಕ್ಕಿ ಬೆಳ್ಳಪ್ಪನೇ ಆಗಲಿ, ಮೈ ಅಷ್ಟು ಬೆಳ್ಳಗಿರುವವನ ಮನಸ್ಸೂ ಬೆಳ್ಳಗಿರುತ್ತೆ ಅಂದವು. ಅವುಗಳ ಬುದ್ಧಿಗಿಷ್ಟು! ಹೂಂ ಅಂತ ರೆಕ್ಕೆ ಎತ್ತಿದವರಲ್ಲಿ ಗುಬ್ಬಿ ಚಿನ್ನವ್ವನೂ ಇದ್ದಳು.

ಮೂರೇ ದಿನ. "ಮಿಂದವರು ಒಂದು ಗರಿ ಇಟ್ಟು ಹೋಗಿ. ಕಾವಲು ಅಂದ್ರೆ ಖರ್ಚಿಲ್ವೇ?" ಅಂದ ಬೆಳ್ಳಪ್ಪ. ಹಕ್ಕಿಗಳು ಗೊಣಗಿದವು, ಕೊಟ್ಟವು. ಆಮೇಲೆ ಎರಡು ಗರಿ. ಆಮೇಲೆ ಮೂರು. ಅವನ ಗೂಡು ಮೆತ್ತಗಾಯಿತು, ಇವುಗಳ ಬಾಲ ಬೋಳಾಯಿತು. ನವಿಲು ಮಾತ್ರ, "ಕೊಟ್ಟರಾಯ್ತಪ್ಪ, ಅದಕ್ಯಾಕೆ ಇಷ್ಟು ಗಲಾಟೆ?" ಅನ್ನುತ್ತಿತ್ತು.

ಚಿನ್ನವ್ವನ ಮೂರು ಮರಿಗಳಿಗೆ ಮೈತುಂಬ ಹೇನು. ಕೆರೆದು ಕೆರೆದು ರಕ್ತ. ರೆಕ್ಕೆಗೆ ಆಗಷ್ಟೇ ನಾಲ್ಕು ನಾಲ್ಕು ಗರಿ ಬಂದಿದ್ದವು. ಅದರಲ್ಲಿ ಮೂರು ಕೊಟ್ಟರೆ ಹಾರುವುದು ಹೇಗೆ? ಹಾರದ ಮರಿಯನ್ನು ಹಾವು ಬಿಡುತ್ತದೆಯೇ?

"ಬೆಳ್ಳಪ್ಪಣ್ಣ, ನಿನ್ನನ್ನು ಇಲ್ಲಿ ನಿಲ್ಲಿಸಿದ್ದೇ ನಾವು. ಮಕ್ಕಳನ್ನಾದರೂ ಬಿಡಪ್ಪ."

"ನಿಯಮ ಅಂದ್ರೆ ನಿಯಮ ತಾಯಿ. ಕೊಡಕ್ಕಾಗದವರು ಗಲೀಜಾಗೇ ಇರಿ."

ಚಿನ್ನವ್ವನಿಗೆ ಉರಿದುಹೋಯಿತು. ಅವನಿಗಾಗಿ ರೆಕ್ಕೆ ಎತ್ತಿದ್ದೆನಲ್ಲ ಅಂತ ತನ್ನ ಮೇಲೇ ಸಿಟ್ಟು ಬಂತು. ಅಷ್ಟರಲ್ಲಿ ದಾರಿಯ ಧೂಳೆಬ್ಬಿಸುತ್ತ ಗಾಳಿ ಬಂತು. "ಈ ಮಣ್ಣಿಗೆ ಇನ್ನೂ ಯಾರೂ ಕಾವಲಿಲ್ಲ ಕಣವ್ವ," ಅಂದಿತು.

ಚಿನ್ನವ್ವ ಬೆಳ್ಳಪ್ಪನ ಎದುರಿಗೇ ಬಿಸಿ ಧೂಳಿಗೆ ಬಿದ್ದು ಹೊರಳಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ಎದ್ದು ಮೈ ಕೊಡವಿದಳು. ಹೇನುಗಳು ಪಟಪಟ ಉದುರಿದವು! ಮರಿಗಳೂ ಹೊರಳಿದವು, ಕೊಡವಿದವು, ತುರಿಕೆ ನಿಂತಿತು. ಮರುದಿನ ಕೋಳಿ ಬಂತು, ಗೌಜಲಕ್ಕಿ ಬಂತು. ಕೆರೆ ಕಡೆ ಸುಳಿಯುವವರೇ ಇಲ್ಲ.

"ಧೂಳಿಗೂ ಮೂರು ಗರಿ!" ಅಂತ ಬೆಳ್ಳಪ್ಪ ಕೂಗಿದ.

"ಬಾ, ವಸೂಲಿ ಮಾಡು," ಅಂದಳು ಚಿನ್ನವ್ವ. "ಮಣ್ಣು ಇರೋ ಕಡೆಯೆಲ್ಲ ನಿಂತು ಕಾಯಿ, ನೋಡೋಣ!"

ಬೆಳ್ಳಪ್ಪ ಓಡಿಬರಲು ಒಂದು ಕಾಲೆತ್ತಿದ. ಆದರೆ ತಾನು ಬಂದರೆ ಕೆರೆಯಲ್ಲಿ ಯಾರಾದರೂ ಪುಕ್ಕಟೆ ಮಿಂದುಬಿಟ್ಟರೆ? ಇನ್ನೊಂದು ಕಾಲು ನೀರು ಬಿಟ್ಟು ಏಳಲೇ ಇಲ್ಲ.

ಅದಕ್ಕೇ ಪುಟ್ಟಾ, ಬೆಳ್ಳಕ್ಕಿ ಇವತ್ತಿಗೂ ನೀರಲ್ಲಿ ಒಂಟಿಕಾಲಲ್ಲಿ ನಿಂತಿರುತ್ತೆ. ನಮ್ಮ ಅಂಗಳದ ಧೂಳಲ್ಲಿ ಗುಬ್ಬಿ ಹೊರಳುತ್ತಿದೆಯಲ್ಲ, ಅದನ್ನು ಕೊಳಕು ಅನ್ನಬೇಡ. ಅದು ಯಾರಿಗೂ ಒಂದು ಗರಿಯನ್ನೂ ಕೊಡದೆ ಮೀಯುತ್ತಿದೆ.