ಜವರ ಜೀಪು ಇಳಿಸಿದ್ದು

ಹೇಳಿದ ಮಾತು ಕೇಳದ ಮಕ್ಕಳು ಊರಿಗೆ ನೂರು. ಹೇಳಿದ್ದನ್ನು ಹೇಳಿದ ಹಾಗೇ ಮಾಡಿ ತಾಯಿಯ ತಲೆ ತಿಂದವನು ಮೇಲ್ಬೋರೆಯ ಜವರ ಒಬ್ಬನೇ. ವಯಸ್ಸು ಇಪ್ಪತ್ತನಾಲ್ಕು. ಆಳು ಗಟ್ಟಿ, ಮನಸ್ಸು ಒಳ್ಳೇದು, ಬುದ್ಧಿ ಮಾತ್ರ ಕೇಳಿದ ಮಾತಿನಿಂದ ಆಚೆಗೆ ಒಂದಂಗುಲ ಹೋಗದು. ಹಾಲು ಉಕ್ಕುತ್ತೆ ನೋಡ್ಕೋ ಅಂದರೆ ಕೊನೇ ತೊಟ್ಟು ಉಕ್ಕುವ ತನಕ ನೋಡುತ್ತಾ ಕೂರುವನು. ಅವನ ತಾಯಿ ಕೆಂಪಾಜಮ್ಮ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ನಾನು ಹೋದ ಮೇಲೆ ಇವನು ಹೇಗೆ ಬದುಕ್ತಾನೆ ಅನ್ನೋದೊಂದೇ ಅವಳ ಚಿಂತೆ.

ಮೇಲ್ಬೋರೆ ಇರೋದು ಗುಡ್ಡದ ನೆತ್ತಿಯಲ್ಲಿ. ಕೆಳಗಿನ ಟಾರು ರಸ್ತೆಗೆ ಎರಡು ಮೈಲಿ, ಅದೂ ಬರೀ ಕಲ್ಲುಬಂಡೆ. ರೇಷನ್ ಅಕ್ಕಿ ಹತ್ತಬೇಕಾದರೂ, ಕಾಯಿಲೆಯವರು ಇಳಿಯಬೇಕಾದರೂ ಕೆಂಪಾಜಮ್ಮನ ತಮ್ಮ ಈರಭದ್ರನ ಫೋರ್ ವೀಲ್ ಜೀಪೇ ಗತಿ. ಅವಳು ತಮ್ಮನ ಬೆನ್ನು ಬಿದ್ದಳು. ಇವನಿಗೆ ಜೀಪು ಕಲಿಸಿಕೊಡು, ಒಂದು ಕಸುಬು ಆಗಲಿ ಅಂತ ಬೆಳಿಗ್ಗೆ ಕೇಳಿದಳು, ಸಂಜೆ ಕೇಳಿದಳು, ಮಾರನೇ ಬೆಳಿಗ್ಗೆ ಮತ್ತೆ ಕೇಳಿದಳು. ಈರಭದ್ರ ಸೋತು ಒಪ್ಪಿದ.

ಸ್ಟೇರಿಂಗ್ ಹಿಡಿಯೋದು ಜವರನ ಕೈಗೆ ಬೇಗ ಹತ್ತಿತು. ಕಷ್ಟ ಬಂದದ್ದು ಗೇರಿನಲ್ಲಿ. ಏರು ಬಂದಾಗ ಸಣ್ಣ ಗೇರು ಹಾಕು ಅಂತ ಮಾವ ಒಂದು ಸಲ ಹೇಳಿದ. ಮಾರನೇ ದಿನ ಅಕ್ಕಿ ಮೂಟೆ ಹೇರಿಕೊಂಡು ಹತ್ತುವಾಗ ಜೀಪು ಅರ್ಧ ಏರಿಗೆ ಕೆಮ್ಮಿ, ನಡುಗಿ, ನಿಂತುಬಿಟ್ಟಿತು. ಮೂರನೇ ಗೇರಿನಲ್ಲಿತ್ತು. ಸಣ್ಣ ಗೇರು ಹಾಕು ಅಂದಿರಲಿಲ್ಲವಾ ಅಂತ ಮಾವ ಕೇಳಿದ. ಹಾಕಿದ್ದೀನಲ್ಲ ಮಾವ ಅಂದ ಜವರ. ಮೆಕ್ಯಾನಿಕ್ಕಿನ ಶೆಡ್ಡಿಂದ ಗೇರು ಅನ್ನೋ ಹಳೇ ಹಲ್ಲುಚಕ್ರವೊಂದನ್ನು, ಇದ್ದುದರಲ್ಲೇ ಸಣ್ಣದನ್ನು ಆರಿಸಿ ತಂದು, ಗ್ರೀಸು ಸಮೇತ ಅಕ್ಕಿ ಮೂಟೆಯೊಳಗೆ ಹಾಕಿದ್ದ.

ಕರಿ ಅಕ್ಕಿ ಉಂಡ ಊರಿನವರು ವಾರವಿಡೀ ಬೈದರು. ಮಾವ ತಾಳ್ಮೆ ತಂದುಕೊಂಡು ಹೇಳಿಕೊಟ್ಟ. ಸಣ್ಣ ಹಲ್ಲುಚಕ್ರ ಹಲವು ಸುತ್ತು ಸುತ್ತಿದರೆ ದೊಡ್ಡದು ಒಂದು ಸುತ್ತು. ಗೇರು ರಾಡಿನ ಪಕ್ಕದ ಈ ಚಿಕ್ಕ ರಾಡನ್ನು ಲೋಗೆ, ಅಂದರೆ ನಿಧಾನದ ಕಡೆಗೆ, ತಂದು ಒಂದನೇ ಗೇರಿಗೆ ಹಾಕಿದರೆ ಇಂಜಿನ್ನು ನಲವತ್ತು ಸುತ್ತು ಸುತ್ತಬೇಕು, ಗಾಲಿ ಒಂದು ಸುತ್ತು ಬರೋದಕ್ಕೆ. ಎಷ್ಟು ನಿಧಾನವೋ ಅಷ್ಟು ಬಲ. "ಭಾರ ಇದ್ದಾಗ ನಿಧಾನಕ್ಕೆ ಹೋಗು. ಅಷ್ಟು ನೆನಪಿಟ್ಕೋ ಸಾಕು," ಅಂದ.

ಜವರ ಅಷ್ಟು ನೆನಪಿಟ್ಟುಕೊಂಡ. ಮೂರನೇ ದಿನ ಪಕ್ಕದ ಮನೆಯ ಹುಲ್ಲಿನ ಮೆದೆಗೆ ಬೆಂಕಿ ಬಿತ್ತು. ಊರಿಗೆ ಊರೇ ಬಿಂದಿಗೆ ಹಿಡಿದು ಓಡಿತು. ಜವರನೂ ತುಂಬಿದ ಕೊಪ್ಪರಿಗೆ ಹೊತ್ತು ಹೊರಟ. ಒಂದು ಹೆಜ್ಜೆ ಇಟ್ಟ, ನಿಂತ. ಇನ್ನೊಂದು ಹೆಜ್ಜೆ ಇಟ್ಟ, ನಿಂತ. ಅವನು ಮುಟ್ಟುವ ಹೊತ್ತಿಗೆ ಮೆದೆ ಬೂದಿ. ಭಾರ ಇತ್ತಲ್ಲವ್ವ ಅಂದ. ಓಡಿದ್ದರೆ ಏನಾಗ್ತಿತ್ತೋ ಅಂತ ತಾಯಿ ಅಳುಮೋರೆ ಮಾಡಿದಳು. ನೆಲ ಒದ್ದೆ, ಜಾರ್ತಿತ್ತು ಅಂದ.

ಇದನ್ನು ಕೇಳಿದ ಮಾವ, ಜಾರೋ ಕಡೆ ಎರಡನ್ನೇ ನಂಬಬಾರದು, ನಾಲ್ಕಕ್ಕೂ ಬಲ ಕೊಡಬೇಕು ಕಣೋ, ಫೋರ್ ವೀಲ್ ಇರೋದೇ ಅದಕ್ಕೆ ಅಂದ. ಅವನು ಹೇಳಿದ್ದು ಗಾಲಿಯ ಮಾತು.

ಆ ಭಾನುವಾರ ಜವರನಿಗೆ ಹೆಣ್ಣು ನೋಡಲು ಕೆಳಗಿನ ಊರಿಗೆ ಹೋದರು. ಹುಡುಗಿಯ ಮನೆಯವರು ನೆಂಟರು ಬರ್ತಾರೆ ಅಂತ ನಡುಮನೆಯ ಕೆಂಪು ಗಾರೆ ನೆಲವನ್ನು ಆಗ ತಾನೆ ತೊಳೆದಿದ್ದರು. ಹುಷಾರು, ಜಾರುತ್ತೆ ಅಂದರು. ಜವರ ಹೊಸಿಲಲ್ಲೇ ಕೈಯೂರಿದ. ಬಿಳೀ ಪಂಚೆ ಉಟ್ಟ ಗಂಡು ಅಂಬೆಗಾಲಿಕ್ಕುತ್ತಾ ನಡುಮನೆ ದಾಟಿ, ಕಾಫಿ ಲೋಟ ಹಿಡಿದು ನಿಂತಿದ್ದ ಹುಡುಗಿಯ ಕಾಲ ಬಳಿ ಹೋಗಿ ತಲೆಯೆತ್ತಿ ನೋಡಿದ. ಹುಡುಗಿ ಲೋಟ ಅಲ್ಲೇ ಬಿಟ್ಟು ಒಳಕ್ಕೆ ಓಡಿದಳು. ಆ ನೆಂಟಸ್ತನ ಅಲ್ಲಿಗೆ ಮುಗಿಯಿತು.

ಮನೆಗೆ ಬಂದ ಮೇಲೆ ಕೆಂಪಾಜಮ್ಮ ಮಗನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು. "ಮಾವ ಹೇಳೋದು ಜೀಪಿಗೆ ಕಣಪ್ಪ, ನಿನ್ನ ಕೈಕಾಲಿಗಲ್ಲ. ಜೀಪಿನಲ್ಲಿ ಕೂತಾಗ ಮಾವ ಹೇಳಿದ್ದರಲ್ಲಿ ಒಂದಕ್ಷರ ಬಿಡಬೇಡ. ಇಳಿದ ಮೇಲೆ ಎಲ್ಲಾ ಮರೆತುಬಿಡು." ಜವರ ಹೂಂ ಅಂದ.

ಹದಿನೈದು ದಿನ ಕಳೆಯಲಿಲ್ಲ, ಈರಭದ್ರ ಅಟ್ಟದಿಂದ ಬಿದ್ದು ಕಾಲು ಮುರಿದುಕೊಂಡ. ಅದೇ ವಾರ ನೆರೆಮನೆಯ ರಾಜಮ್ಮಣಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ಮಗು ಅಡ್ಡ ಇದೆ, ಆಸ್ಪತ್ರೆಗೆ ಒಯ್ಯದಿದ್ದರೆ ಇಬ್ಬರೂ ಉಳಿಯಲ್ಲ ಅಂದಳು ಸೂಲಗಿತ್ತಿ. ಊರಲ್ಲಿ ಜೀಪು ಬಲ್ಲವರು ಇಬ್ಬರೇ. ಒಬ್ಬನ ಕಾಲಿಗೆ ಪಟ್ಟಿ. ಇನ್ನೊಬ್ಬ ಜವರ.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಕೆಂಪಾಜಮ್ಮ ಒಳಗೂ ಹೊರಗೂ ಓಡಾಡಿದಳು. ಈರಭದ್ರನನ್ನು ಮಂಚ ಸಮೇತ ಜೀಪಿನ ಹತ್ತಿರಕ್ಕೆ ಹೊತ್ತು ತಂದರು. ಅವನು ಸೋದರಳಿಯನ ಕೈ ಹಿಡಿದು, ಒಂದೊಂದೇ ಮಾತು ಬಿಡಿಸಿ ಹೇಳಿದ.

"ಚಿಕ್ಕ ರಾಡು ಲೋಗೆ ಹಾಕು. ಒಂದನೇ ಗೇರು ಹಾಕು. ಆಮೇಲೆ ಎರಡು ಕಾಲನ್ನೂ ಮೇಲೆತ್ತಿಕೋ. ಬ್ರೇಕ್ ಒತ್ತಿದರೆ ಗಾಲಿ ಕಚ್ಚಿಕೊಂಡು ಜಾರುತ್ತೆ. ಕ್ಲಚ್ ಒತ್ತಿದರೆ ಜೀಪು ಉರುಳಿ ಹೋಗುತ್ತೆ. ಇಂಜಿನ್ನೇ ಹಿಡಿದು ಇಳಿಸುತ್ತೆ. ನಾನು ಹೇಳೋ ತನಕ ಕಾಲು ಕೆಳಗಿಡಬೇಡ."

ಜವರ ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. ಹಿಂದೆ ರಾಜಮ್ಮಣಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಕೆಂಪಾಜಮ್ಮ. ಜೀಪು ಗುರುಗುಟ್ಟುತ್ತಾ ಬಂಡೆಯ ಮೇಲೊಂದು ಗಾಲಿ, ಗುಂಡಿಯೊಳಗೊಂದು ಗಾಲಿ ಇಟ್ಟು ಇಳಿಯಿತು. ಆನೆಬಂಡೆಯ ತಿರುವಿನಲ್ಲಿ ಮೂತಿ ನೆಟ್ಟಗೆ ಪಾತಾಳ ನೋಡಿತು. ಎಂಥ ಡ್ರೈವರೂ ಅಲ್ಲಿ ಹೆದರಿ ಬ್ರೇಕಿಗೆ ಕಾಲು ಹಾಕುತ್ತಿದ್ದ. ಈ ವರ್ಷ ಹೊರಗಿನಿಂದ ಬಂದು ಅಲ್ಲಿ ಉರುಳಿದ ಗಾಡಿಗಳೆಲ್ಲ ಹಾಗೇ ಉರುಳಿದ್ದು. ಕೆಂಪಾಜಮ್ಮ ಕಣ್ಣು ಮುಚ್ಚಿದಳು. ಜವರ ಕಾಲು ಇಳಿಸಲಿಲ್ಲ. ಜೀಪು ಮುದುಕಿ ಮೆಟ್ಟಿಲಿಳಿದ ಹಾಗೆ ತಡೆತಡೆದು ಇಳಿದು ಟಾರು ರಸ್ತೆ ಮುಟ್ಟಿತು. ಮಗ ಬದುಕುತ್ತಾನೆ ಅಂತ ಅವಳಿಗೆ ಮೊದಲ ಸಲ ಅನ್ನಿಸಿತು.

ಆಸ್ಪತ್ರೆ ಅಲ್ಲಿಂದ ಅರ್ಧ ಮೈಲಿ. ರಸ್ತೆ ಕನ್ನಡಿಯ ಹಾಗಿತ್ತು. ಜೀಪು ಮಾತ್ರ ಅದೇ ಲೋ, ಅದೇ ಒಂದನೇ ಗೇರು. ಮೇಯುತ್ತಿದ್ದ ಕುರಿಗಳು ಜೀಪನ್ನು ಹಿಂದೆ ಹಾಕಿ ಹೋದವು. ಗೇರು ಬದಲಿಸಪ್ಪ ಅಂತ ತಾಯಿ ಬೇಡಿದಳು. ಕ್ಲಚ್ ಒತ್ತದೆ ಹೇಗೆ ಬದಲಿಸಲಿ, ಮಾವ ಇನ್ನೂ ಹೇಳಿಲ್ಲವಲ್ಲವ್ವ ಅಂದ. ರಾಜಮ್ಮಣಿ ಹಲ್ಲು ಕಚ್ಚಿ ನರಳಿದಳು.

ಕೊನೆಗೂ ಆಸ್ಪತ್ರೆ ಬಂತು. ಜೀಪು ನಿಲ್ಲಲಿಲ್ಲ. ಅಂಗಳದಲ್ಲಿ ಸುತ್ತು ಹಾಕತೊಡಗಿತು. ನರ್ಸಮ್ಮ ಮತ್ತು ಆಯಾ ಸ್ಟ್ರೆಚರ್ ತಳ್ಳುತ್ತಾ ಪಕ್ಕದಲ್ಲೇ ನಡೆದರು. ಮೂರನೇ ಸುತ್ತಿನಲ್ಲಿ ರಾಜಮ್ಮಣಿಯನ್ನು ಇಳಿಸಿಕೊಂಡರು, ಹಿಂದೆಯೇ ಕೆಂಪಾಜಮ್ಮನೂ ಇಳಿದಳು. ಒಳಗೆ ಡಾಕ್ಟ್ರು ಕೈ ತೊಳೆದು ಕಾದಿದ್ದರು. ಇಪ್ಪತ್ತೊಂದನೇ ಸುತ್ತಿಗೆ ಮಗು ಅತ್ತಿತು. ತಾಯಿಯೂ ಉಳಿದಳು, ಮಗುವೂ ಉಳಿಯಿತು.

ಕೆಂಪಾಜಮ್ಮ ಆಯಾಳ ಫೋನಿನಲ್ಲಿ ತಮ್ಮನಿಗೆ ಸುದ್ದಿ ಮುಟ್ಟಿಸಿದಳು. ಇವನು ಇನ್ನೂ ಸುತ್ತುತ್ತಲೇ ಇದ್ದಾನೆ, ಏನಾದರೂ ಹೇಳು ಅಂತ ಜೀಪಿನ ಪಕ್ಕ ನಡೆಯುತ್ತಾ ಫೋನನ್ನು ಮಗನ ಕಿವಿಗೆ ಹಿಡಿದಳು.

"ಗೆದ್ದೆ ಕಣೋ ಜವರ. ಸಾಕು, ಇನ್ನು ಕಾಲು ಕೆಳಗಿಡಪ್ಪ," ಅಂದ ಈರಭದ್ರ.

ಜವರ ಬಾಗಿಲು ತೆಗೆದು ಕಾಲನ್ನು ಕೆಳಗಿಟ್ಟ. ಮೊದಲು ಒಂದು, ಆಮೇಲೆ ಇನ್ನೊಂದು. ಅಂಗಳದ ನೆಲದ ಮೇಲೆ.

ಜೀಪು ಅವನನ್ನು ಬಿಟ್ಟು ಮುಂದಕ್ಕೆ ಹೋಯಿತು. ಫೋನಿನಲ್ಲಿ ಮಾವ, ಅದೇನು ಗಲಾಟೆ, ಯಾಕೆ ಅಕ್ಕ ಕೂಗ್ತಿದ್ದಾಳೆ ಅಂತ ಕೇಳಿದ. ಜವರ ತಾಯಿಯ ಕೈಯಿಂದ ಫೋನು ತಗೊಂಡು, ಖುಷಿಯಾಗಿ ಜೀಪನ್ನೇ ನೋಡುತ್ತಾ ಹೇಳಿದ.

"ಏನೂ ಇಲ್ಲ ಮಾವ. ಜೀಪು ಆಸ್ಪತ್ರೆ ಮೆಟ್ಟಿಲು ಹತ್ತುತ್ತಾ ಇದೆ. ಗೇರು ಸರಿಯಾಗೇ ಹಾಕಿದ್ದೀನಿ."