ಬೆನ್ನ ಹಿಂದಿನ ಲಾಗ

ನಾಟಕ ಕಂಪನಿಯ ಹಾಸ್ಯನಟ ಅಡಿವೆಪ್ಪ ನಲವತ್ತು ವರ್ಷ ಲಾಗ ಹೊಡೆದುಕೊಂಡೇ ರಂಗಕ್ಕೆ ಬಂದವನು. ಈಗ ಮೊಣಕಾಲುಗಳು ಸೋತಿದ್ದವು. ರಾಜನ ಪಾತ್ರ ಮಾಡುವ ಮಾಲೀಕರು ಮಾತ್ರ, "ಇವತ್ತು ಲಾಗ ಹೊಡೀಲಿಲ್ಲಂದ್ರ ನಾಳೆ ನಿನ್ನ ಪಾತ್ರ ಬ್ಯಾರೇದವರಿಗೆ" ಅಂದುಬಿಟ್ಟರು.

ಪರದೆ ಎದ್ದಿತು. ಅಡಿವೆಪ್ಪ ಕಚ್ಚೆ ಬಿಗಿದು ಓಡಿಬಂದ. ಸಿಂಹಾಸನದ ಮುಂದೆ ಗಕ್ಕನೆ ನಿಂತ.

"ಮಹಾರಾಜರೇ, ನಿಮ್ಮ ಮಾರಿ ಮುಂದ ನಾ ಕಾಲೆತ್ತೋದು ಹೆಂಗ್ರಿ? ಚೂರು ಆ ಕಡೆ ತಿರುಗ್ರಿ."

ನಗುವ ಜನರೆದುರು ರಾಜ ತಿರುಗಲೇಬೇಕಾಯಿತು. ಅಡಿವೆಪ್ಪ ರಂಗದ ಹಲಗೆಯನ್ನು ಧಪ್ಪೆಂದು ತಟ್ಟಿ, ಮೆಲ್ಲಗೆ ಕೂತ.

"ಮುಗೀತ್ರಿ!"

ರಾಜ ಜನರತ್ತ ನೋಡಿ ಗುಡುಗಿದ: "ಹೊಡದನೇನು?"

ಇಡೀ ಥೇಟರ್ ಒಂದೇ ಕಂಠದಲ್ಲಿ ಕೂಗಿತು: "ಹೊಡದಾನ್ರೀ! ಒನ್ಸ್ ಮೋರ್!"

ಮಾಲೀಕರು ಅಡಿವೆಪ್ಪನ ಮೊಣಕಾಲು ನೋಡಿದರು. ಈ ಸಲ ಯಾರೂ ಹೇಳದೆ ತಾವೇ ಬೆನ್ನು ತಿರುಗಿಸಿ ನಿಂತರು.