ಉಳಿದದ್ದು ಒಂದೇ ಫ್ಯೂಸು

"ಬುದ್ಧಿ, ನನ್ನ ತಪ್ಪು ಎಲ್ಲಿದೆ ಎಂದು ನಾನು ಹೇಗೆ ಕಂಡುಹಿಡಿಯಲಿ?" ಎಂದು ಶಿವನಂಜ ಗುರುಗಳನ್ನು ಕೇಳಿದ. "ತಮ್ಮ ನನ್ನ ಜೊತೆ ಮಾತು ಬಿಟ್ಟು ಎರಡು ವರ್ಷವಾಯಿತು. ನಾಳಿದ್ದು ಅವನ ಮಗಳ ನಾಮಕರಣ, ನನಗೆ ಕರೆಯಿಲ್ಲ. ತಪ್ಪು ನನ್ನದೇ ಇರಬಹುದು ಎಂದು ಆಡಿದ ಮಾತು, ಮಾಡಿದ ಕೆಲಸ ಎಲ್ಲವನ್ನೂ ಜಾಲಾಡಿದೆ. ಏನೂ ಸಿಗಲಿಲ್ಲ. ಎತ್ತಿ ಆಡಿಸಿ, ಓದಿಸಿ, ಅವನನ್ನು ಮನುಷ್ಯನನ್ನಾಗಿ ಮಾಡಿದವನೇ ನಾನು. ಇನ್ನೆಲ್ಲಿ ಹುಡುಕಲಿ?"

"ಎಲ್ಲ ಕಡೆ ಹುಡುಕಿದೆಯಾ? ಭೇಷ್. ಹಾಗಾದರೆ ಕೂತುಕೋ, ನಿನ್ನ ಹಾಗೆಯೇ ಹುಡುಕಿದ ಇನ್ನೊಬ್ಬನ ಕತೆ ಹೇಳುತ್ತೇನೆ" ಎಂದು ಗುರುಗಳು ಶುರುಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಅವನ ತಾಯಿ ಆಸ್ಪತ್ರೆ ಮುಟ್ಟುವ ಮೊದಲೇ ದಾರಿಯಲ್ಲಿ ತೀರಿಕೊಂಡಿದ್ದಳು. ಆ ಸಂಕಟ ಅವನನ್ನು ಬಿಡಲಿಲ್ಲ. ಶಾಲೆಯೊಂದು ಮಾರಿದ ಹಳೆಯ ಬಸ್ಸನ್ನು ಕೊಂಡು, ಸೀಟುಗಳನ್ನು ಕೀಳಿಸಿ, ಊರೂರಿಗೆ ಹೋಗುವ ಆಸ್ಪತ್ರೆ ಮಾಡಿಸಿದ. ಒಳಗೆ ಹಾಸಿಗೆ, ದೀಪ, ಹುಟ್ಟಿದ ಕೂಸನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ. ಗೋಡೆಗೆಲ್ಲ ಪ್ಲೈವುಡ್ ಹಲಗೆ, ಅದರ ಹಿಂದೆ ವೈರು. ನರ್ಸೊಬ್ಬಳನ್ನು ಗೊತ್ತುಮಾಡಿ, ವೈರಿಂಗ್ ಮಾಡಿದವನನ್ನೇ ಡ್ರೈವರನ್ನಾಗಿ ಇಟ್ಟುಕೊಂಡ. ಕೆಲಸ ಅಚ್ಚುಕಟ್ಟಾಗಿತ್ತು, ಯಾರೂ ಬೆರಳಿಟ್ಟು ತೋರಿಸುವ ಹಾಗಿರಲಿಲ್ಲ.

ಮೊದಲ ವಾರವೇ ಬೆಟ್ಟದ ಮೇಲಿನ ಊರಿನಿಂದ ಕರೆ ಬಂತು. ಒಬ್ಬ ಬಸುರಿಗೆ ದಿನ ತುಂಬುವ ಮೊದಲೇ ನೋವು. ವ್ಯಾಪಾರಿಯೂ ಬಸ್ಸು ಹತ್ತಿದ. ತಾನು ಕೊಟ್ಟದ್ದು ಜನಕ್ಕೆ ಹೇಗೆ ಒದಗುತ್ತದೆ ಎಂದು ಕಣ್ಣಾರೆ ನೋಡುವ ಆಸೆ. ಇರಲಿ ಬಿಡು, ಅಂಥ ಆಸೆ ಯಾರಿಗಿಲ್ಲ? ಹಿಂದಿರುಗುವಾಗ ಬಸ್ಸಿನಲ್ಲೇ ಹೆರಿಗೆಯಾಯಿತು. ಎಂಟು ತಿಂಗಳ ಕೂಸು, ಬೊಗಸೆಯಲ್ಲಿ ಹಿಡಿಯುವಷ್ಟು. ನರ್ಸು ಅದನ್ನು ಪೆಟ್ಟಿಗೆಯಲ್ಲಿ ಮಲಗಿಸಿದಳು. ಬಸ್ಸು ಒಂದು ಗುಂಡಿ ಹಾರಿದ್ದೇ ತಡ, ಪೆಟ್ಟಿಗೆಯನ್ನು ಬೆಚ್ಚಗಿಡುವ ದೀಪ ಆರಿತು.

ಫ್ಯೂಸು ಸುಟ್ಟಿತ್ತು. ಡ್ರೈವರ್ ಹೊಸದು ಹಾಕಿದ, ದೀಪ ಹತ್ತಿತು. ಮುಂದಿನ ತಿರುವಿನಲ್ಲಿ ಅದೂ ಸುಟ್ಟಿತು. ಎಲ್ಲೋ ಒಂದು ಕಡೆ ವೈರು ಬಸ್ಸಿನ ತಗಡಿಗೆ ತಾಗುತ್ತಿತ್ತು, ಬಸ್ಸು ಕುಲುಕಿದಾಗೆಲ್ಲ ತಾಗುತ್ತಿತ್ತು. ಮೂರನೆಯದೂ ಹೋಯಿತು. ಡ್ರೈವರ್ ಬಸ್ಸನ್ನು ಬದಿಗೆ ನಿಲ್ಲಿಸಿದ. ಉಳಿದದ್ದು ಒಂದೇ ಫ್ಯೂಸು. ಪೇಟೆಯ ಆಸ್ಪತ್ರೆ ಇನ್ನೂ ಒಂದು ಗಂಟೆ ದೂರ.

"ಫ್ಯೂಸು ಯಾಕೆ ಮಾರಾಯ, ದಪ್ಪ ತಂತಿ ಕಟ್ಟಿಬಿಡು!" ಎಂದ ವ್ಯಾಪಾರಿ.

"ಕಟ್ಟಬಹುದು ಯಜಮಾನರೇ. ಆಮೇಲೆ ಫ್ಯೂಸು ಸುಡುವ ಬದಲು ಬಸ್ಸು ಸುಡುತ್ತದೆ" ಎಂದ ಡ್ರೈವರ್.

ತಾಯಿಗೆ ರಕ್ತ ನಿಲ್ಲುತ್ತಿರಲಿಲ್ಲ, ಮೈ ತಣ್ಣಗಾಗಿತ್ತು. ನರ್ಸಿನ ಎರಡು ಕೈಯೂ ಅಲ್ಲೇ. ಅವಳು ಕೂಸನ್ನು ವ್ಯಾಪಾರಿಗೆ ಕೊಟ್ಟು, "ಎದೆಗೆ ಅವುಚಿಕೊಳ್ಳಿ, ಅಲುಗಾಡಬೇಡಿ" ಎಂದಳು. ಅವನು ಅಂಗಿ ಬಿಚ್ಚಿ ಕೂಸನ್ನು ಎದೆಗೆ ಒತ್ತಿಕೊಂಡ, ಮೇಲೆ ಶಾಲು ಹೊದ್ದ, ಗೋಡೆಗೆ ಬೆನ್ನು ಆನಿಸಿ ನಿಂತ.

ಡ್ರೈವರ್ ಹಲಗೆಗಳನ್ನು ಒಂದೊಂದಾಗಿ ಬಿಚ್ಚುತ್ತ ಬಂದ. ಚಾವಣಿ ನೋಡಿದ, ಹಾಸಿಗೆಯ ಕೆಳಗೆ ನೋಡಿದ. "ನಾನು ವೈರು ಎಳೆದ ಮೇಲೆ ಎಲ್ಲಾದರೂ ಮೊಳೆ ಗಿಳೆ ಹೊಡೆಸಿದಿರಾ?" ಎಂದು ಕೇಳಿದ.

"ಇಲ್ಲ. ನಾನೇ ಮುಂದೆ ನಿಂತು ಕಾದಿದ್ದೇನೆ. ಒಬ್ಬರನ್ನೂ ಮುಟ್ಟಗೊಡಲಿಲ್ಲ."

ಕೊನೆಗೆ ಉಳಿದದ್ದು ವ್ಯಾಪಾರಿಯ ಹಿಂದಿನ ಹಲಗೆ. "ಸ್ವಲ್ಪ ಸರಿಯಿರಿ ಯಜಮಾನರೇ."

"ಇಲ್ಲೇನೂ ಇಲ್ಲಪ್ಪ. ಕೂಸು ಈಗ ತಾನೇ ಬೆಚ್ಚಗಾಗುತ್ತಿದೆ, ಅಲುಗಾಡಿಸಬೇಡ. ಬೇರೆ ಕಡೆ ನೋಡು."

ಡ್ರೈವರ್ ಬಸ್ಸಿನ ಅಡಿಗೆ ನುಸುಳಿದ. ವ್ಯಾಪಾರಿ ನಿಂತೇ ಇದ್ದ. ಕೂಸಿನ ಅಳು ಸಣ್ಣದಾಯಿತು, ಆಮೇಲೆ ನಿಂತಿತು. ಅವನು ಅದರ ಪಾದ ಮುಟ್ಟಿ ನೋಡಿದ. ತಣ್ಣಗಿತ್ತು. ಅವನ ತಾಯಿ ಹೋದದ್ದೂ ಹೀಗೇ, ನಡುದಾರಿಯಲ್ಲೇ. ದೇವರೇ ಎಂದು ಗೋಡೆಗೆ ಇನ್ನಷ್ಟು ಒತ್ತಿಕೊಂಡ. ಬೆನ್ನಿಗೆ ಏನೋ ಚುಚ್ಚಿತು.

ಹಿತ್ತಾಳೆ ಫಲಕದ ಮೂಲೆ. ಅದರಲ್ಲಿ ಸಣ್ಣ ಅಕ್ಷರದಲ್ಲಿ ಅವನ ತಾಯಿಯ ಹೆಸರಿತ್ತು, ದಪ್ಪ ಅಕ್ಷರದಲ್ಲಿ ಅವನ ಹೆಸರಿತ್ತು. ಉದ್ಘಾಟನೆಯ ಹಿಂದಿನ ದಿನ, ಎಲ್ಲರೂ ಹೋದ ಮೇಲೆ ತಾನೇ ಕೈಯಾರೆ ಕೂರಿಸಿದ್ದ. ಯಾರೂ ಕೀಳದಿರಲಿ ಎಂದು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಉದ್ದನೆಯ ಸ್ಕ್ರೂಗಳನ್ನು ಆರಿಸಿ ತಂದಿದ್ದ.

ಅಯ್ಯೋ ಎಂದುಕೊಂಡ. ಆದರೂ ನೋಡು, ನಾಲಿಗೆ ಏಳಲಿಲ್ಲ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಕೂಸು ಹೋಗುತ್ತದೆ. ಇಷ್ಟನ್ನು ತೀರ್ಮಾನಿಸಲು ಅವನಿಗೆ ಎರಡು ಉಸಿರಿನ ಹೊತ್ತು ಹಿಡಿಯಿತು. ಆ ಎರಡು ಉಸಿರನ್ನು ಅವನು ಸಾಯುವ ತನಕ ಮರೆಯಲಿಲ್ಲ.

"ಬಾರಪ್ಪಾ, ಬೇಗ ಬಾ! ಇಲ್ಲಿದೆ!" ಎಂದು ಕೂಗಿ ಗೋಡೆ ಬಿಟ್ಟು ಸರಿದ.

ಡ್ರೈವರ್ ಫಲಕ ಬಿಚ್ಚಿದ. ಮೂರನೆಯ ಸ್ಕ್ರೂ ಹಲಗೆ ದಾಟಿ, ವೈರಿನ ಸಿಪ್ಪೆ ಸುಲಿದು, ತಗಡಿನವರೆಗೂ ಹೋಗಿತ್ತು. ಅವನು ವೈರಿಗೆ ಟೇಪು ಸುತ್ತಿ ಕೊನೆಯ ಫ್ಯೂಸು ಹಾಕಿದ. ದೀಪ ಹತ್ತಿತು. ಕೂಸನ್ನು ಮತ್ತೆ ಪೆಟ್ಟಿಗೆಯಲ್ಲಿ ಮಲಗಿಸಿದ ಮೇಲೆ ಬಸ್ಸು ಹೊರಟಿತು. ಒಂದು ಗುಂಡಿ ದಾಟಿತು, ಇನ್ನೊಂದು ದಾಟಿತು. ದೀಪ ಆರಲಿಲ್ಲ. ಪೆಟ್ಟಿಗೆಯೊಳಗೆ ಕೂಸು ಮತ್ತೆ ಅಳತೊಡಗಿತು. ಆಸ್ಪತ್ರೆಯಲ್ಲಿ ತಾಯಿಯೂ ಉಳಿದಳು, ಕೂಸೂ ಉಳಿಯಿತು. ವ್ಯಾಪಾರಿ ಮಾತ್ರ ದಾರಿಯುದ್ದಕ್ಕೂ ಫಲಕವನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ಕೂತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಶಿವನಂಜನಿಗೆ ಸಿಟ್ಟು ಬಂದಿತ್ತು. "ಮೊದಲು ಕೇಳಿದಾಗ ಇಲ್ಲ ಎಂದನಲ್ಲ ಬುದ್ಧಿ, ಎಂಥ ಸುಳ್ಳುಗಾರ!"

"ಸುಳ್ಳು ಹೇಳಲಿಲ್ಲ ಕಣಯ್ಯಾ. ಆ ಗಳಿಗೆಯಲ್ಲಿ ಅವನಿಗೆ ಅದು ಹೊಳೆಯಲೇ ಇಲ್ಲ" ಎಂದು ಗುರುಗಳು ಅವನ ಮುಖವನ್ನೇ ನೋಡಿದರು. "ಅದಿರಲಿ ಶಿವನಂಜ, ನಿನ್ನ ತಪ್ಪನ್ನು ಎಲ್ಲ ಕಡೆ ಹುಡುಕಿದೆ ಎಂದೆಯಲ್ಲ, ಹುಡುಕುವಾಗ ಬೆನ್ನು ಎಲ್ಲಿಗೆ ಆನಿಸಿ ನಿಂತಿದ್ದೆ?"